ಟೀಚರ್ ಹಣೆಗೆ ಬಡಿದ ಅವರೆಬೇಳೆ

ಸೂಳಗಿರಿ ಸಂತೆಯಲ್ಲಿ ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಇಂದಿಗೂ ನನ್ನ ಹೆಬ್ಬೆರಳು ಚುರುಕಾಗುತ್ತದೆ.

ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ನಮ್ಮ ಮೂರನೇ ತರಗತಿಯಲ್ಲೇ ಅಡುಗೆ. ಊಟದ ತಟ್ಟೆಯಲ್ಲಿ ಕಾಳನ್ನೆಲ್ಲ ಅಂಚಿಗೆ ತಳ್ಳುತ್ತಿದ್ದವರು ನಾವು. ಟೀಚರ್ ನೆನೆಸಿದ ಅವರೆಕಾಳನ್ನು ನಮ್ಮ ಮುಂದಿಟ್ಟು, "ತಿನ್ನೋದೇನೂ ಬ್ಯಾಡ, ಹಿತುಕಿ ಕೊಡ್ರಿ ಸಾಕು" ಎಂದರು. ನಾನು ಒತ್ತಿದ್ದೇ ತಡ, ಜಾರುವ ಸಿಪ್ಪೆಯಿಂದ ಬೇಳೆ ಚಿಮ್ಮಿ ಅವರ ಹಣೆಗೇ ಬಡಿಯಿತು.

"ಯಾರ್ಲಾ ಅದು?" ಎಂದವರೇ ಟೀಚರ್ ಒಂದು ಕಾಳೆತ್ತಿಕೊಂಡು, ನನಗೇ ಗುರಿಯಿಟ್ಟು ಹಿತುಕಿದರು! ಆಮೇಲೆ ಕೇಳಬೇಕೆ? ಬೇಳೆಗಳು ಗೋಡೆಯಿಂದ ಗೋಡೆಗೆ ಹಾರಿದವು. ನೆಲ ಸೇರದೆ ಉಳಿದದ್ದು ಸಾರಾದಾಗ ಒಬ್ಬೊಬ್ಬರಿಗೆ ಒಂದೇ ಸೌಟು ಸಿಕ್ಕಿತು. ನಾನು ತಟ್ಟೆ ನೆಕ್ಕಿದೆ.

ಮನೆಗೆ ಓಡಿ ಕೂಗಿದೆ: "ಅವ್ವಾ, ಅವರೆಕಾಳು ನೆನೆಹಾಕು, ನಾನೇ ಹಿತುಕ್ತೀನಿ!"

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಗಿರ ಬಂದೈತೇನ್ಲಾ?"