ಕಿವಿ ಮುಚ್ಚಿಸದ ಮಿಕ್ಸಿ

ಮಿಕ್ಸಿ ಎರವಲು ಕೊಡುವಾಗ ಅದರ ಕಿವಿ ಮುಚ್ಚಿಸಿ ಕೊಡುವುದು ನಮ್ಮ ವಠಾರದ ಮರ್ಯಾದೆ. "ಹೋದ ಮನೆಯ ಮಾತು ಕೇಳಬೇಡ" ಅಂದರೆ ಸಾಕು, ಅದು "ಆಯ್ತು" ಅನ್ನುತ್ತದೆ.

ಪಕ್ಕದ ಮನೆಯ ಕೊಟ್ರಮ್ಮ ಬಂದಾಗಲೆಲ್ಲ ದಾಕ್ಷಾಯಿಣಿ ಹಾಗೆ ಹೇಳಿಯೇ ಕೊಡುತ್ತಿದ್ದಳು. ಸೋಮವಾರ ಮಾತ್ರ ಕೊಟ್ರಮ್ಮನ ಕಣ್ಣು ಅತ್ತು ಕೆಂಪಾಗಿತ್ತು. ಕಾರಣ ತಿಳಿಯುವ ಚಪಲಕ್ಕೆ ದಾಕ್ಷಾಯಿಣಿ ಬೇಕೆಂದೇ ಆ ಮಾತು ಹೇಳದೆ ಮಿಕ್ಸಿ ಕೊಟ್ಟಳು.

ಸಂಜೆ ಮಿಕ್ಸಿ ವಾಪಸ್ ಬಂತು. ಖಾಲಿ ಕೊಡಬಾರದೆಂದು ಕೊಟ್ರಮ್ಮ ಜಾರಿನಲ್ಲಿ ಒಂದಿಷ್ಟು ಶೇಂಗಾ ಚಟ್ನಿಪುಡಿ ಹಾಕಿದ್ದಳು. ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾ ದಾಕ್ಷಾಯಿಣಿ ಕೇಳಿದಳು, "ಏನಂತೆ ಅಲ್ಲಿ?"

"ಫೋನಲ್ಲಿ ತಂಗಿ ಹತ್ರ ಅಳ್ತಿದ್ರು," ಅಂದಿತು ಮಿಕ್ಸಿ. "ಬಲಗಡೆ ಕಂಕುಳಲ್ಲಿ ಗಂಟಾಗಿದೆಯಂತೆ. ಗಂಡನಿಗೂ ಹೇಳಿಲ್ಲವಂತೆ."

ದಾಕ್ಷಾಯಿಣಿ ಜಾರಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

ಮರುದಿನ ನಲ್ಲಿಯ ಹತ್ತಿರ ಕೊಟ್ರಮ್ಮ ತುಂಬಿದ ಕೊಡ ಎತ್ತಲು ಬಗ್ಗಿದಳು. ದಾಕ್ಷಾಯಿಣಿ ಓಡಿಹೋಗಿ ಕೈ ಹಿಡಿದಳು. "ಬೇಡ ಕಣೇ, ಬಲಗೈಗೆ ಭಾರ ಹಾಕಬೇಡ. ಡಾಕ್ಟರಿಗೆ ತೋರಿಸಿದೆಯಾ?"

ಕೊಟ್ರಮ್ಮ ಅವಳ ಮುಖವನ್ನೇ ನೋಡಿದಳು. "ಕಿವಿ ಮುಚ್ಚಿಸಿರಲಿಲ್ಲವಾ ಅಕ್ಕಾ?" ಎಂದು ಮೆಲ್ಲಗೆ ಕೇಳಿ, ಕೊಡ ಎತ್ತಿಕೊಂಡು ಹೋದಳು.

ಬುಧವಾರ ಅವಳು ಮಿಕ್ಸಿ ಕೇಳಲು ಬರಲಿಲ್ಲ. ಗೋಡೆಯಾಚೆ ಒರಳಿನಲ್ಲಿ ಗುಂಡುಕಲ್ಲು ತಿರುಗುವ ಸದ್ದು ಶುರುವಾಯಿತು. ಸ್ವಲ್ಪ ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು.

"ಆ ಸದ್ದು ಏನಂತ ಹೇಳಲಾ?" ಎಂದಿತು ಮಿಕ್ಸಿ.

ದಾಕ್ಷಾಯಿಣಿ ಅದರ ಪ್ಲಗ್ ಕಿತ್ತಳು. ಎರಡೂ ಕೈಯಿಂದ ತನ್ನ ಕಿವಿ ಮುಚ್ಚಿಕೊಂಡಳು. ಆದರೂ ಕೇಳಿಸುತ್ತಲೇ ಇತ್ತು.