ದಿನಕ್ಕೊಂದು ಲೋಟ

"ಮನೆಯಲ್ಲಿ ಬೇರೆ ಮದ್ದು ಏನಾದ್ರೂ ಕೊಡ್ತಾ ಇದ್ರಾ?" ಉಡುಪಿ ಕಡೆಯ ಡಾಕ್ಟರು ಮೂರನೇ ಸಲ ಕೇಳಿದಾಗಲೂ ವಾರಿಜಾ ಇಲ್ಲವೆಂದೇ ತಲೆಯಾಡಿಸಿದಳು. ಆಸ್ಪತ್ರೆಯ ಮಂಚದ ಮೇಲೆ ಮಂಪರಿನಲ್ಲಿದ್ದ ಮಗಳು ವಿಜೇತಾಳ ಕಣ್ಣು ಅರಸಿನದಂತೆ ಹಳದಿಯಾಗಿತ್ತು.

"ಕಷಾಯ?"

"ಅದು ಮದ್ದಾ ಡಾಕ್ಟ್ರೇ? ನಮ್ಮ ಘಾಟ್ಕೋಪರ್ ಮನೆಯ ಕಿಟಕಿ ಗ್ರಿಲ್ಲಿಗೆ ಹಬ್ಬಿದ ಅಮೃತಬಳ್ಳಿ. ಶಕ್ತಿ ಬರ್ಲಿ ಅಂತ ದಿನಾ ಒಂದು ಲೋಟ. ಕಣ್ಣು ಹಳದಿಯಾದ ಮೇಲೆ ಎರಡು ಕೊಟ್ಟೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಲಿವರ್ ಸೋಲ್ತಾ ಇದೆ ಅಮ್ಮ. ಆ ಕಷಾಯದಿಂದಲೇ ಇರಬಹುದು."

ಅವರು ಹೋದ ಮೇಲೆ ವಾರಿಜಾ ಮನೆಯಿಂದ ತಂದಿದ್ದ ಸ್ಟೀಲ್ ಲೋಟಕ್ಕೆ ನೀರು ಸುರಿದು ಮಗಳ ತುಟಿಗೆ ತಾಗಿಸಿದಳು. ಬರೀ ನೀರು. ವಿಜೇತಾ ಕಣ್ಣು ತೆರೆಯಲಿಲ್ಲ. ಕಹಿ ಕಷಾಯಕ್ಕೆ ದಿನವೂ ಮಾಡುತ್ತಿದ್ದಂತೆ ಎರಡು ಬೆರಳಲ್ಲಿ ತನ್ನ ಮೂಗು ಹಿಡಿದುಕೊಂಡು ಬಾಯಿ ತೆರೆದಳು.