ಆರಿಸಿಟ್ಟ ಟ್ಯಾಬು

“ಅತ್ತೆ, ಆನ್ ಮಾಡ್ಬೇಡಿ!”

ಚಿತ್ರ ಬರೆಯುವ ಸೊಸೆಯ ಕೂಗಿಗೆ ಅತ್ತೆಯ ಹೆಬ್ಬೆರಳು ಟ್ಯಾಬಿನ ಗುಂಡಿಯ ಮೇಲೆಯೇ ನಿಂತಿತು. ಮಕ್ಕಳ ಪುಸ್ತಕದ ಚಿತ್ರಗಳು ಫೋನು, ಲ್ಯಾಪ್‌ಟಾಪು, ಟ್ಯಾಬು ಮೂರರಲ್ಲೂ ಇರಲೆಂದು ಸೊಸೆ ನಿನ್ನೆಯಷ್ಟೇ ಅವನ್ನು ಒಂದಕ್ಕೊಂದು ಜೋಡಿಸಿದ್ದಳು. ಇವತ್ತು ಫೋನು ತುಂಬಿತೆಂದು ಅದರಲ್ಲಿದ್ದ ಚಿತ್ರಗಳನ್ನು ಮರಳಿ ಸಿಗದಂತೆ ಕಸದ ಬುಟ್ಟಿ ಸಮೇತ ಅಳಿಸಿದಳು. ಒಂದರಲ್ಲಿ ಅಳಿಸಿದರೆ ಎಲ್ಲದರಲ್ಲೂ ಅಳಿಯುತ್ತದೆಂದು ಗೊತ್ತಾದದ್ದು, ಕಣ್ಣೆದುರೇ ಲ್ಯಾಪ್‌ಟಾಪು ಬರಿದಾದಾಗ. ಉಳಿದದ್ದು ಆರಿಸಿಟ್ಟಿದ್ದ ಟ್ಯಾಬೊಂದೇ. ನೆಟ್ ಸಿಕ್ಕ ಕೂಡಲೇ ಅದೂ ಬರಿದಾಗುತ್ತಿತ್ತು.

“ಆರಿಸಿದ್ರೂ ತಪ್ಪು, ಹಾಕಿದ್ರೂ ತಪ್ಪು! ರಾತ್ರಿ ಇದನ್ನ ಆರಿಸಿದ್ದಕ್ಕೆ ತಾನೇ ಬೆಳಿಗ್ಗೆ ನನ್ನ ಮೇಲೆ ಹಾರಾಡಿದ್ದು?” ಅತ್ತೆ ಬೆರಳು ಹಿಂತೆಗೆದುಕೊಂಡರು. ಬಳಸದೆ ಬಿಟ್ಟದ್ದನ್ನೆಲ್ಲ ಆರಿಸುವುದು ಅವರ ಹುಟ್ಟುಗುಣ.

ಸೊಸೆ ಓಡಿಹೋಗಿ ನೆಟ್ಟಿನ ಪೆಟ್ಟಿಗೆಯ ವೈರು ಕಿತ್ತಳು. “ಈಗ ಒತ್ತಿ.” ಪರದೆ ಬೆಳಗಿತು. ಮೊದಲ ಪುಟದ ಕೊಡೆ ಹಿಡಿದ ಕತ್ತೆಯೂ ಕೊನೆಯ ಪುಟದ ಅಳಿಲೂ ಇದ್ದಲ್ಲೇ ಇದ್ದವು. ಹೋದ ಜೀವ ಬಂದಂತಾಯಿತು. ಆಮೇಲೆ ಅವಳು ಮುಷ್ಟಿಯಲ್ಲಿದ್ದ ವೈರನ್ನು ಸುತ್ತಿ ಅತ್ತೆಯ ಮಡಿಲಲ್ಲಿಟ್ಟಳು.

“ನಿಮ್ಮ ಹತ್ರಾನೇ ಇರ್ಲಿ. ಚಿತ್ರಗಳನ್ನ ಬೇರೆ ಕಡೆ ಉಳಿಸೋವರೆಗೂ ನಾನು ಕೇಳಿದ್ರೂ ಕೊಡ್ಬೇಡಿ.”